ಎರಡನೇ ಸಲ ಕೇಳದವರ ಊರಲ್ಲಿ

ಕಡಲಾಚೆಯ ಈ ಬಾಥೆಲ್ ಎಂಬ ಊರಿಗೆ ಬಂದು ಹದಿನೈದು ದಿನವೂ ಆಗಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಹಿಡಿಕೆಗೆ ಒಂದು ಚೀಟಿ ನೇತಾಡುತ್ತಿತ್ತು. ಅಪಾರ್ಟ್‌ಮೆಂಟಿನ ಆಫೀಸಿನವರದು. ಹೊರಗೆ ಬಿಟ್ಟಿದ್ದ ನಮ್ಮ ಚಪ್ಪಲಿಗಳನ್ನು ಒಳಗೆ ಇಟ್ಟುಕೊಳ್ಳಲು ನಮಗೆ ಮನಸ್ಸಾಗಬಹುದೇನೋ ಎಂದು ಅವರು ಯೋಚಿಸುತ್ತಿದ್ದರಂತೆ. ಕೊನೆಯಲ್ಲಿ ನಗುವ ಮುಖದ ಚಿತ್ರ ಬೇರೆ. ಯೋಚಿಸುವವರು ಯೋಚಿಸಲಿ ಎಂದುಕೊಂಡೆ. ನನಗಂತೂ ಮನಸ್ಸಾಗಲಿಲ್ಲ. ಮುಂದಿನ ವಾರ ಚಪ್ಪಲಿಗಳೇ ಇರಲಿಲ್ಲ. ಆಫೀಸಿಗೆ ಹೋಗಿ ಕೇಳಿದರೆ ಅಲ್ಲಿದ್ದ ಹುಡುಗಿ ಹಲ್ಲು ಕಿರಿದು, "ನಾವು ಹೇಳಿದ್ದೆವಲ್ಲ, ಕಸಕ್ಕೆ ಹೋಯಿತು" ಎಂದಳು. ಅದರಲ್ಲಿ ಯಜಮಾನರ ಹೊಸ ಬಾಟಾ ಚಪ್ಪಲಿಯೂ ಇತ್ತು.

ಹೇಳಿದ್ದರಂತೆ! ನಾನು ಮಂಡ್ಯದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಇಂಗ್ಲಿಷ್ ವ್ಯಾಕರಣ ಅರೆದು ಕುಡಿಸಿದವಳು. ಯಜಮಾನರಿಗೆ ಇಲ್ಲಿನ ಔಷಧಿ ಕಂಪನಿಯ ಲ್ಯಾಬಿನಲ್ಲಿ ಕೆಲಸವಾಯಿತೆಂದು ಐವತ್ತರ ಹತ್ತಿರದ ವಯಸ್ಸಿನಲ್ಲಿ ಗಂಟುಮೂಟೆ ಕಟ್ಟಿಕೊಂಡು ಬಂದೆ. ಅವರಿಗೆ ಭಾಷೆಯ ಭಯವಿತ್ತು, ನನಗಿರಲಿಲ್ಲ. ಇಂಗ್ಲಿಷರ ಇಂಗ್ಲಿಷನ್ನೇ ತಿದ್ದಬಲ್ಲೆ ಎಂಬ ಕೊಬ್ಬು ನನಗೆ. ಆ ಚೀಟಿಯನ್ನು ಹಾಗೆ ಓದಿದವಳೂ ನಾನೇ.

ವುಡ್, ಕುಡ್, ಮೈಟ್, ಶುಡ್ ಎಂಬ ಸಹಾಯಕ ಕ್ರಿಯಾಪದಗಳು ನಿಮಗೆ ನೆನಪಿರಬೇಕು. ಇಫ್ ಎಂದು ಶುರುವಾಗುವ ಉಪವಾಕ್ಯದೊಳಗೆ ವುಡ್ ಕಾಲಿಡಕೂಡದು, ಅದರ ಜಾಗ ಮುಖ್ಯ ವಾಕ್ಯದಲ್ಲಿ. ಈ ಒಂದು ನಿಯಮಕ್ಕಾಗಿ ನಾನು ಎಷ್ಟು ಮಕ್ಕಳ ಅಂಕ ಕಡಿದಿದ್ದೇನೋ ದೇವರಿಗೇ ಗೊತ್ತು. ಎದುರಿನವರು ದೊಡ್ಡ ಮನಸ್ಸು ಮಾಡಿದರೆ ಎಂಬ ಅರ್ಥ ಬಂದಾಗ ಮಾತ್ರ ಅಲ್ಲಿ ವುಡ್ ಹಾಕಬಹುದು ಎಂದು ಪುಸ್ತಕದ ತಳದಲ್ಲಿ ಸಣ್ಣ ಅಕ್ಷರದ ಅರ್ಧ ಸಾಲು ಇರುತ್ತಿತ್ತು. ಪರೀಕ್ಷೆಗೆ ಬರುವುದಿಲ್ಲ ಎಂದು ಹಾರಿಸಿಬಿಡುತ್ತಿದ್ದೆ. ಇಲ್ಲಿ ಬಂದು ನೋಡಿದರೆ ಇಡೀ ಊರು ಆ ಅರ್ಧ ಸಾಲಿನಲ್ಲೇ ಸಂಸಾರ ಹೂಡಿದೆ. ಹಲ್ಲಿನ ಡಾಕ್ಟರು "ನೀವು ಬಾಯಿ ತೆರೆಯಲು ಮನಸ್ಸು ಮಾಡುವುದಾದರೆ" ಎನ್ನುತ್ತಾರೆ. ನಾನೇನು ಬಾಯಿ ಮುಚ್ಚಿಕೊಂಡು ಹಲ್ಲು ಕೀಳಿಸಿಕೊಳ್ಳಲು ಬಂದಿದ್ದೇನೆಯೇ? ಇನ್ನು ಬೇಕಾದ ಕಡೆ ಇವರಿಗೆ ಸಹಾಯಕ ಕ್ರಿಯಾಪದವೇ ಬೇಡ. ಅವನು ಹೋಗಬೇಕೆಂದು ಸೂಚಿಸುತ್ತೇನೆ ಎನ್ನುವ ಕಡೆ ನಾವು ಉಪವಾಕ್ಯದಲ್ಲಿ ಶುಡ್ ಹಾಕಿಸಿ ಬಾಯಿಪಾಠ ಮಾಡಿಸಿದೆವು. ಇವರು ಅದನ್ನು ಕಿತ್ತೆಸೆದು "ಐ ಸಜೆಸ್ಟ್ ದಟ್ ಹಿ ಗೋ" ಎಂದು ಕೈ ತೊಳೆದುಕೊಳ್ಳುತ್ತಾರೆ.

ಮಂಡ್ಯದಲ್ಲಿ ಇದೇ ಚಪ್ಪಲಿಯ ವಿಷಯಕ್ಕೆ ಪಕ್ಕದ ಮನೆಯ ಜಯಮ್ಮ ಏನೆನ್ನುತ್ತಿದ್ದಳು? "ಏನಮ್ಮೀ, ಆ ಚಪ್ಲಿ ಅತ್ಲಾಗ್ ಮಡಗು, ಎಡವ್ಕೊಂಡು ಬಿದ್ದೋಯ್ತೀನಿ" ಎನ್ನುತ್ತಿದ್ದಳು. ಮಾತು ಮುಗಿಯಿತು, ಚಪ್ಪಲಿಯೂ ಉಳಿಯಿತು. ಇಲ್ಲಿನ ನಮ್ಮ ಕನ್ನಡದವರೂ ಕೆಟ್ಟುಹೋಗಿದ್ದಾರೆ. ಎಜುಕೇಶನ್ ಹಿಲ್ ಎಂಬ ಬಡಾವಣೆಯಲ್ಲಿ ಒಂದು ಮನೆಗೆ ಸತ್ಯನಾರಾಯಣ ಪೂಜೆಗೆ ಹೋಗಿದ್ದಾಗ ಆ ಮನೆಯಾಕೆ, ಮೈಸೂರಿನ ಹುಡುಗಿ, ನನ್ನ ಹತ್ತಿರ ಬಂದು, "ಆಂಟಿ, ನೀವು ಕಾರ್ ಸ್ವಲ್ಪ ಮೂವ್ ಮಾಡೋಕೆ ಆಗ್ಬೋದಾ ಅಂತ ಥಿಂಕ್ ಮಾಡ್ತಿದ್ದೆ" ಎಂದಳು. "ಥಿಂಕ್ ಯಾಕಮ್ಮ ಮಾಡ್ತೀಯ, ತೆಗೀರಿ ಅನ್ನು" ಎಂದೆ. ಆಕೆಗೆ ನಾನು ಬೈದಂತೆ ಕೇಳಿಸಿರಬೇಕು. ಪ್ರಸಾದ ಕೊಡುವಾಗ ಮುಖ ಚಿಕ್ಕದು ಮಾಡಿಕೊಂಡಿದ್ದಳು.

ಹೀಗೆ ಊರನ್ನೆಲ್ಲ ಹೀಯಾಳಿಸುತ್ತ ಮನೆಯಲ್ಲಿ ಕೂತಿದ್ದೆ ಎನ್ನುವುದು ನಿಜ. ಏಕೆಂದರೆ ಬೇರೆ ಕೆಲಸವಿರಲಿಲ್ಲ. ಇಪ್ಪತ್ತೆರಡು ವರ್ಷ ಮೇಡಂ ಎನಿಸಿಕೊಂಡವಳು ಇಲ್ಲಿ ಬರಿ ಯಜಮಾನರ ಹೆಂಡತಿ. ಕಾರಿಲ್ಲದೆ ಹಾಲಿನ ಅಂಗಡಿಗೂ ಹೋಗಲಾಗದು. ಮಧ್ಯಾಹ್ನ ಕಿಟಕಿಯಿಂದ ನೋಡಿದರೆ ಒಂದು ನರಪಿಳ್ಳೆಯೂ ಇಲ್ಲ. ಒಮ್ಮೊಮ್ಮೆ ಒಗ್ಗರಣೆ ಹಾಕುತ್ತ ಪಾಠ ಮಾಡುತ್ತಿದ್ದೆ, ಗೋಡೆಗೆ. ಅಷ್ಟು ಒಂಟಿತನವಿತ್ತು.

ಎರಡನೇ ವರ್ಷ ಸಮುದಾಯ ಭವನದಲ್ಲಿ ಹೊರದೇಶಗಳಿಂದ ಬಂದವರಿಗೆ ಇಂಗ್ಲಿಷ್ ಕಲಿಸುವ ಸಂಜೆ ತರಗತಿಗೆ ಸಂಬಳವಿಲ್ಲದ ಸಹಾಯಕಿಯಾಗಿ ಸೇರಿದೆ. ಅದನ್ನು ನಡೆಸುತ್ತಿದ್ದಾಕೆ ಡೆಬ್ರಾ, ಅರವತ್ತು ದಾಟಿದವಳು, ಕನ್ನಡಕವನ್ನು ದಾರ ಕಟ್ಟಿ ಎದೆಯ ಮೇಲೆ ಬಿಟ್ಟುಕೊಂಡು ಅದನ್ನೇ ಹುಡುಕುತ್ತಿರುತ್ತಿದ್ದಳು. ಮೆಕ್ಸಿಕೋದ ಅಡುಗೆಯವನು, ಇಥಿಯೋಪಿಯಾದ ಟ್ಯಾಕ್ಸಿ ಡ್ರೈವರು, ಉಕ್ರೇನಿನ ನರ್ಸ್ ಒಕ್ಸಾನಾ, ಹೀಗೆ ಹನ್ನೆರಡು ಜನ. ಮೊದಲ ದಿನ ಬೋರ್ಡಿನ ಮುಂದೆ ಹೋಗಿ ನಿಂತೆ. ಸೀಮೆಸುಣ್ಣವಿಲ್ಲ, ಬರೀ ಮಾರ್ಕರ್ ಪೆನ್ನು, ಆದರೂ ಅದು ಬೋರ್ಡೇ. ಆರು ತಿಂಗಳಲ್ಲಿ ಆ ಹನ್ನೆರಡು ಜನ ಡೆಬ್ರಾಳನ್ನು ಬಿಟ್ಟು ನನ್ನನ್ನು ಕೇಳಲು ಶುರುಮಾಡಿದರು. ಅಷ್ಟರಲ್ಲಿ ಕೆಲಸ ಮಾಡುವ ಪರವಾನಗಿಯೂ ಕೈಗೆ ಬಂತು. ಸಂಬಳದ ಶಿಕ್ಷಕಿಯ ಹುದ್ದೆಯೊಂದು ಖಾಲಿಯಾಗುತ್ತದೆಂದು ಗೊತ್ತಾದಾಗಿನಿಂದ ನನಗೆ ಬೇರೆ ಯೋಚನೆಯೇ ಇರಲಿಲ್ಲ. ಆ ಕೆಲಸ ನನಗೆ ಬೇಕಿತ್ತು. ಈ ದೇಶದಲ್ಲಿ ಬೇರೇನೂ ಅಷ್ಟು ಬೇಕೆನಿಸಿರಲಿಲ್ಲ.

ಒಂದು ಗುರುವಾರ ಕುರ್ಚಿಗಳನ್ನು ಜೋಡಿಸುತ್ತಿದ್ದಾಗ ಡೆಬ್ರಾ ಹತ್ತಿರ ಬಂದಳು. ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡಳು. ಆ ಹುದ್ದೆಯನ್ನು ವಹಿಸಿಕೊಳ್ಳಲು ನನಗೆ ಮನಸ್ಸಾಗಬಹುದೇನೋ ಎಂದು ಅವರೆಲ್ಲ ಯೋಚಿಸುತ್ತಿದ್ದರಂತೆ. ಮತ್ತೆ ಅದೇ ಚಪ್ಪಲಿಯ ಚೀಟಿಯ ಮಾತು! ಆದರೆ ಈಗ ನಾನು ಪಳಗಿದ್ದೆ. ಉಪವಾಕ್ಯದ ಒಳಗಿನ ಅಡಗುತಾಣದಲ್ಲಿ ಕೆಲಸ ಕೂತಿದೆ ಎಂದು ಚೆನ್ನಾಗಿಯೇ ಅರ್ಥವಾಯಿತು. ಅರ್ಥವಾಗಿಯೂ ಬಾಯಿಂದ ಬಂದದ್ದು, "ಅಯ್ಯಯ್ಯೋ, ನಾನು ಯಾಕೆ? ಬೇಡಪ್ಪ. ನನಗಿಂತ ಒಳ್ಳೆಯವರು ಇದ್ದಾರೆ, ಅವರಿಗೆ ಕೊಡಿ" ಎಂಬ ಮಾತು, ಶುದ್ಧ ಇಂಗ್ಲಿಷಿನಲ್ಲಿ. ಡೆಬ್ರಾ ತಲೆಯಾಡಿಸಿದಳು, ಧನ್ಯವಾದ ಹೇಳಿದಳು, ದೀಪ ಆರಿಸಿದಳು.

ನೀವು ನಗಬೇಡಿ. ನೀವೂ ಹಾಗೇ ಹೇಳುತ್ತಿದ್ದಿರಿ. ಮಂಡ್ಯದಲ್ಲಿ ನನ್ನನ್ನು ವಿಭಾಗದ ಮುಖ್ಯಸ್ಥೆ ಮಾಡಬೇಕೆಂದು ಪ್ರಿನ್ಸಿಪಾಲರು ನಮ್ಮ ಮನೆಗೇ ಬಂದಿದ್ದರು. ಬೇಡ ಸಾರ್ ಎಂದೆ. ಅವರು ಕಾಫಿ ಕುಡಿದರು, ಮಳೆ ಬೆಳೆ ಮಾತಾಡಿದರು, ಮತ್ತೆ ಕೇಳಿದರು. ನನ್ನಿಂದ ಆಗೋದಿಲ್ಲ ಸಾರ್ ಎಂದೆ. ಹೊರಟು ನಿಂತವರು ಬಾಗಿಲಲ್ಲಿ ತಿರುಗಿ, "ನೀವು ಒಪ್ಕೊಳ್ಳೋವರ್ಗೂ ನಾನು ಹೋಗಲ್ಲ ಮೇಡಂ" ಎಂದರು. ಆಗ, ನಿಮ್ಮ ಬಲವಂತಕ್ಕೆ ಎಂದು ಒಪ್ಪಿಕೊಂಡೆ. ಅವರು ಬರುವ ಮುಂಚೆಯೇ ಹೊಸ ಸೀರೆಗೆ ಫಾಲ್ ಹಾಕಿಸಿಟ್ಟಿದ್ದೆ. ಅದು ಅವರಿಗೂ ಗೊತ್ತಿದ್ದಿರಬಹುದು. ಕೇಳಿದ ತಕ್ಷಣ ಹೂಂ ಅನ್ನುವವರನ್ನು ನಮ್ಮಲ್ಲಿ ಆಸೆಬುರುಕರು ಎನ್ನುತ್ತಾರೆ.

ಅವತ್ತು ಕಾರಿನಲ್ಲಿ ಯಜಮಾನರು, "ಕೇಳಿದ್ರಾ?" ಎಂದರು.

"ಕೇಳಿದ್ರು. ಬೇಡ ಅಂದೆ."

ಅವರು ಸಿಗ್ನಲ್ಲಿನಲ್ಲಿ ನನ್ನ ಕಡೆ ತಿರುಗಿದರು. "ಎಷ್ಟು ಸಲ ಕೇಳಿದ್ರು?"

"ಒಂದ್ಸಲ. ಮಂಗಳವಾರ ಮತ್ತೆ ಕೇಳ್ತಾರೆ ಬಿಡಿ."

"ಇವ್ರು ಕೇಳಲ್ಲ ಕಣೇ," ಎಂದರು ಅವರು. ಲ್ಯಾಬಿನಲ್ಲಿ ಮೊದಲ ವರ್ಷ ಯಾರೋ ಊಟಕ್ಕೆ ಕರೆದಾಗ ಬೇಡ ಎಂದದ್ದಕ್ಕೆ ಆಮೇಲೆ ಯಾರೂ ಕರೆಯಲೇ ಇಲ್ಲವಂತೆ. ಇದನ್ನು ಅಷ್ಟು ದಿನ ನನಗೆ ಹೇಳಿರಲಿಲ್ಲ.

ಮಂಗಳವಾರ ಕಾದೆ. ಗುರುವಾರ ಬೇಕೆಂದೇ ಕುರ್ಚಿಗಳನ್ನು ನಿಧಾನವಾಗಿ ಜೋಡಿಸಿದೆ. ಎರಡು ವಾರದ ನಂತರ ಎಲ್ಲರಿಗೂ ಒಂದು ಇ-ಮೇಲ್ ಬಂತು. ಕೈಲ್ ಎಂಬ ಹುಡುಗ ಹೊಸ ಶಿಕ್ಷಕ. ಇಪ್ಪತ್ತಾರು ವರ್ಷ. ಕ್ರಿಯಾಪದಕ್ಕೂ ನಾಮಪದಕ್ಕೂ ವ್ಯತ್ಯಾಸ ಹೇಳಲು ಫೋನು ತೆಗೆಯುತ್ತಿದ್ದ.

ನಾನು ನೇರವಾಗಿ ಡೆಬ್ರಾಳ ಕೋಣೆಗೆ ಹೋದೆ. ಬಂದಾಗಿನಿಂದ ಎದೆಯಲ್ಲಿದ್ದುದನ್ನೆಲ್ಲ ಕಕ್ಕಿದೆ. ನೀವು ಯಾವುದನ್ನೂ ನೆಟ್ಟಗೆ ಹೇಳುವುದಿಲ್ಲ, ವುಡ್ ಮೈಟ್‌ಗಳ ಹತ್ತಿಯಲ್ಲಿ ಸುತ್ತಿ ಕೊಡುತ್ತೀರಿ, ನಿಮ್ಮ ಮಾತಿನಲ್ಲಿ ಬೆನ್ನೆಲುಬಿಲ್ಲ ಎಂದೆ. ಆಕೆ ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ನಿಮಗೆ ಅದು ಬೇಕಿತ್ತೇ?"

"ಬೇಕಿತ್ತು."

"ಆದರೆ ಬೇಡ ಅಂದಿರಿ," ಎಂದಳು. "ನಾನು ನಿಮ್ಮ ಮಾತು ನಂಬಿದೆ."

ಆಕೆ ಎಷ್ಟೇ ಸುತ್ತಿ ಬಳಸಿ ಕೇಳಿದರೂ ಕೇಳಿದ್ದು ನಿಜವನ್ನೇ. ಆಸೆಯನ್ನೆಲ್ಲ ಹೊಟ್ಟೆಯೊಳಗೆ ಇಟ್ಟುಕೊಂಡು, ಒಂದು ಸಹಾಯಕ ಕ್ರಿಯಾಪದವೂ ಇಲ್ಲದ ಚೊಕ್ಕವಾದ ಒಂದು ಸುಳ್ಳು ಹೇಳಿದವಳು ನಾನು. ಅವಮಾನವಾಯಿತು. ಮನೆಗೆ ಬಂದು ಅತ್ತುಬಿಟ್ಟೆ. ಮಾರನೆಯ ದಿನ ಇವರ ಮೇಲೆ ಇನ್ನೂ ಹೆಚ್ಚು ತಿರಸ್ಕಾರ ಬಂತು, ಏಕೆಂದರೆ ತಪ್ಪು ನನ್ನದೆಂದು ಗೊತ್ತಾಗಿತ್ತು.

ಒಂದು ವರ್ಷ ಕೈಲ್‌ನ ಕೆಳಗೆ ಸಹಾಯಕಿಯಾಗಿ ಕಳೆದೆ. ಅವನು ತಡವರಿಸಿದಾಗ ಹಿಂದಿನ ಸಾಲಿನಿಂದ ಉತ್ತರ ಕೊಡುತ್ತಿದ್ದೆ. ಪಾಪ, ಒಳ್ಳೆಯ ಹುಡುಗ, ಥ್ಯಾಂಕ್ಸ್ ಎನ್ನುತ್ತಿದ್ದ. ಒಂದು ದಿನ ಒಕ್ಸಾನಾ ನನ್ನ ಹತ್ತಿರ ಬಂದು, ಆಸ್ಪತ್ರೆಯಲ್ಲಿ ಅವಳಿಗೆ ಒಳ್ಳೆಯ ಪಾಳಿ ಬೇಕಾದರೆ ತೆಗೆದುಕೊಳ್ಳಬಹುದೇನೋ ಎಂದು ಕೇಳಿದ್ದಾರೆ, ಏನು ಹೇಳಲಿ ಎಂದಳು. ಅವರ ಊರಿನಲ್ಲೂ ಮೊದಲ ಸಲಕ್ಕೇ ಹೂಂ ಅನ್ನುವುದಿಲ್ಲವಂತೆ. ನಾನು ಅವಳ ಕೈ ಹಿಡಿದು, "ಮೊದಲ ಸಲವೇ ಹೂಂ ಅನ್ನು. ಇಲ್ಲಿ ಎರಡನೇ ಸಲ ಯಾರೂ ಕೇಳುವುದಿಲ್ಲ" ಎಂದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಕಲಿಸಿದ ಯಾವ ನಿಯಮವೂ ಯಾರಿಗೂ ಇಷ್ಟು ಉಪಯೋಗಕ್ಕೆ ಬಂದಿರಲಿಕ್ಕಿಲ್ಲ.

ಕಳೆದ ಜನವರಿಯಲ್ಲಿ ಕೈಲ್ ಬೇರೆ ಊರಿಗೆ ಹೋದ. ಡೆಬ್ರಾ ಬಂದು, "ನಿಮಗೆ ಒಂದು ವೇಳೆ" ಎಂದು ಶುರುಮಾಡಿದಳು. ಅವಳ ಉಪವಾಕ್ಯ ಮುಗಿಯುವ ಮೊದಲೇ "ಹೌದು, ಮಾಡುತ್ತೇನೆ" ಎಂದುಬಿಟ್ಟೆ. ಕಿವಿ ಬಿಸಿಯಾಯಿತು. ಮದುವೆಮನೆಯಲ್ಲಿ ಎಲೆ ಹಾಕುವ ಮೊದಲೇ ಹೋಗಿ ಕೂತಂತೆ ನಾಚಿಕೆ. ಡೆಬ್ರಾಗೆ ಅದೇನೂ ತಿಳಿಯಲಿಲ್ಲ. ಅಪ್ಪಿಕೊಂಡಳು. ಈಗ ವಾರಕ್ಕೆ ನಾಲ್ಕು ಸಂಜೆ ನಾನು ಮೇಡಂ. ಅರ್ಧ ಸಾಲಿನ ಆ ಸಣ್ಣ ಅಕ್ಷರದ ನಿಯಮದಿಂದಲೇ ಪಾಠ ಶುರುಮಾಡುತ್ತೇನೆ.

ಏಪ್ರಿಲ್‌ನಲ್ಲಿ ಮಂಡ್ಯಕ್ಕೆ ಹೋಗಿದ್ದೆ, ತಮ್ಮನ ಮನೆಗೆ. ಅವನ ಹೆಂಡತಿ ಸುನಂದಾ ಮುದ್ದೆ, ಉಪ್ಸಾರು ಮಾಡಿದ್ದಳು. ಮೂರು ವರ್ಷದ ಹಸಿವು ನನಗೆ. ಮೊದಲ ಮುದ್ದೆ ಮುಗಿಯುತ್ತಲೇ ಅವಳು ಪಾತ್ರೆ ಹಿಡಿದು ಬಂದು, "ಅಕ್ಕ, ಇನ್ನೊಂದ್ ಹಾಕ್ಲಾ?" ಎಂದಳು.

"ಹೂಂ, ಹಾಕು" ಎಂದೆ.

ಅವಳ ಕೈ ಗಾಳಿಯಲ್ಲೇ ನಿಂತಿತು. ಬಲವಂತ ಮಾಡಲು ಸಿದ್ಧಮಾಡಿಕೊಂಡು ಬಂದ ಮಾತುಗಳೆಲ್ಲ ಅವಳ ಬಾಯಲ್ಲೇ ಉಳಿದವು. ಬಡಿಸಿದಳು. ತಮ್ಮನೋ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದ. ಎರಡನೆಯದು ಮುಗಿಯಿತು. ಇನ್ನರ್ಧ ಬೇಕಿತ್ತು, ಕೇಳಲಿಲ್ಲ. ಕಾದೆ. ಸುನಂದಾ ಎಲ್ಲರಿಗೂ ಬೇಡ ಬೇಡ ಎನ್ನಿಸಿಕೊಂಡು ಬಡಿಸುತ್ತ ಬಂದವಳು ನನ್ನನ್ನು ದಾಟಿ ಹೋದಳು. ತಮ್ಮ, "ಅಕ್ಕನಿಗೆ ಹಾಕೇ" ಎಂದ.

ಅವಳು ಪ್ರೀತಿಯಿಂದಲೇ ಹೇಳಿದಳು: "ಅಕ್ಕಂಗೆ ಬಲವಂತ ಮಾಡ್‌ಬ್ಯಾಡಿ. ಅವ್ರು ಆ ಕಡೆಯವ್ರಾಗವ್ರೆ, ಬೇಕಾದ್ರೆ ಅವ್ರೇ ಕೇಳ್ತಾರೆ."