ಎರಡು ಪೆಡಲಿನ ಕಾರು

ಮೊನ್ನೆ ಮಂಚದ ಕಾಲು ಸಡಿಲವಾಗಿದೆ ಎಂದು ಬಡಿಗನನ್ನು ಕರೆಸಿದ್ದೆ. ಈಗಿನವರು ಡಬ್ಬಿಯಲ್ಲಿ ಸಿಗುವ ಬಿಳಿ ಅಂಟು ತರುತ್ತಾರೆ. ಈತ ಹಳೆಯ ಪದ್ಧತಿಯವನು. ಅಂಗಳದಲ್ಲಿ ಮೂರು ಕಲ್ಲು ಹೂಡಿ, ಸರೇಸಿನ ತುಂಡುಗಳನ್ನು ನೀರಿಗೆ ಹಾಕಿ ಕುದಿಯಲು ಇಟ್ಟ. ತೊಗಲು, ಎಲುಬಿನಿಂದ ಮಾಡುವ ಆ ಅಂಟಿನ ವಾಸನೆ ಯಾರಿಗೂ ಸೇರುವಂಥದ್ದಲ್ಲ. ಸೊಸೆ ಮೂಗಿಗೆ ಸೆರಗು ಹಿಡಿದು ಒಳಗೆ ಹೋದಳು. ನಾನು ಕಟ್ಟೆಯ ಮೇಲೆ ಅಲ್ಲಿಯೇ ಕುಳಿತೆ. ನನ್ನ ಅಣ್ಣನ ಕೈಯಿಂದ ಇದೇ ವಾಸನೆ ಬರುತ್ತಿತ್ತು...

ನಮ್ಮ ಮನೆ ಶಹಾಬಾದದಲ್ಲಿತ್ತು. ನಿಜಾಮರ ಕಾಲದ ಮಾತು. ಅಪ್ಪ ಎತ್ತಿನ ಬಂಡಿಗಳಿಗೆ ಗಾಲಿ ಮಾಡುತ್ತಿದ್ದ. ಖಣಿಯಿಂದ ಕಲ್ಲು ಹೊರುವ ಬಂಡಿಗಳು ಬಹಳ, ರಸ್ತೆ ಕೆಟ್ಟದ್ದು, ಹೀಗಾಗಿ ಅಪ್ಪನಿಗೆ ಕೈತುಂಬ ಕೆಲಸ. ನೆಲ, ಗೋಡೆ, ಮಾಳಿಗೆ ಎಲ್ಲವೂ ಕಲ್ಲಿನದೇ ಆದ ಆ ಮನೆಯಲ್ಲಿ ಕಟ್ಟಿಗೆಯ ಹೊಟ್ಟು ಒಂದೇ ಮೆತ್ತಗಿತ್ತು. ನಾನು ಅದರ ಮೇಲೆ ಆಡಿ ಬೆಳೆದವಳು. ಅವ್ವ ನಾನು ಸಣ್ಣವಳಿದ್ದಾಗಲೇ ಹೋಗಿದ್ದಳು. ನನಗೆ ಜಡೆ ಹಾಕುತ್ತಿದ್ದವನು ಅಣ್ಣನೇ. ಅಂಟು ಹತ್ತಿದ ಬೆರಳಿಗೆ ಕೂದಲು ಸಿಕ್ಕಿ ನಾನು ಚೀರಿದರೆ, "ಸುಮ್ಮ ಕುಂದರು, ಜೋಡಣಿ ಸಡಲ ಆಗ್ತದ," ಎನ್ನುತ್ತಿದ್ದ.

ನಾನು ಓದಿದ್ದು ಎರಡನೇ ಇಯತ್ತೆಯವರೆಗೆ ಮಾತ್ರ. ಬರೆದು ರೂಢಿಯಿಲ್ಲ. ಬಾಯಿಂದ ಹೇಳಬೇಕಾದದ್ದನ್ನು ಹೇಳಬೇಕಾದವನ ಮುಂದೆ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಚಳಿಗಾಲದಲ್ಲಿ ಹೈದರಾಬಾದಿನ ಒಬ್ಬ ಜಾಗೀರದಾರರು ಊರ ಹೊರಗೆ ಕೋಠಿ ಎಂದು ಕರೆಯುತ್ತಿದ್ದ ತಮ್ಮ ಬಂಗಲೆಗೆ ಬಂದು ಕೆಲವು ವಾರ ಇರುತ್ತಿದ್ದರು. ಅವರ ಮೋಟಾರು ವಾಡಿಯವರೆಗೆ ರೈಲಿನ ಮೇಲೆ ಬಂದು, ಅಲ್ಲಿಂದ ತನ್ನ ಗಾಲಿಯ ಮೇಲೆ ಓಡಿ ಶಹಾಬಾದಕ್ಕೆ ಬರುತ್ತಿತ್ತು. ಗಾಢ ಹಸಿರು ಬಣ್ಣ, ಉದ್ದನೆಯ ಮೂತಿ, ಬಂಡಿಯದರ ಹಾಗೆ ನಡುವಿನಿಂದ ಅಂಚಿಗೆ ಕಟ್ಟಿಗೆಯ ಅರಗಳಿದ್ದ ಗಾಲಿ. ಮೇಲೆ ಬಟ್ಟೆಯ ಟಪ. ಜಾಗೀರದಾರರು ಒಬ್ಬರೇ ಗಾಳಿಗೆ ಹೊರಟರೆ ಟಪವನ್ನು ಮಡಚಿ ಹಿಂದಕ್ಕೆ ಹಾಕುತ್ತಿದ್ದರು. ಬೇಗಂ ಸಾಹೇಬರು ಹೊರಟರೆ ಟಪ ಮೇಲೆ ಏರುತ್ತಿತ್ತು, ನಾಲ್ಕೂ ಕಡೆ ಪರದೆ ಇಳಿಯುತ್ತಿತ್ತು. ಆಗ ರಸ್ತೆಯ ಮೇಲಿನ ಗಂಡಸರು ಮುಖ ಆ ಕಡೆ ತಿರುಗಿಸಿ ನಿಲ್ಲಬೇಕು. ಅಣ್ಣನೂ ತಿರುಗಿಸುತ್ತಿದ್ದ. ಕಾರು ದಾಟಿದ್ದೇ ತಡ, ಧೂಳಿನಲ್ಲಿ ಕುಕ್ಕರಗಾಲಲ್ಲಿ ಕುಳಿತು, ಮೂಡಿದ ಗಾಲಿಯ ಗುರುತನ್ನು ಗೇಣಿನಿಂದ ಅಳೆಯುತ್ತಿದ್ದ.

ಬಾಜು ಮನೆಯಲ್ಲಿ ಬಳೆ ಮಾರುವ ಹೆಂಗಸೊಬ್ಬರಿದ್ದರು, ಓಣಿಯ ಮಕ್ಕಳಿಗೆಲ್ಲ ಅವರು ಖಾಲಾ, ಚಿಕ್ಕಮ್ಮ. ಕೋಠಿಯಲ್ಲಿ ಹೆಂಗಸರಿರುವ ಜನಾನಾದೊಳಗೆ ಹೋಗಿ ಬೇಗಂ ಅವರಿಗೆ ಬಳೆ ತೊಡಿಸಿ ಬರುತ್ತಿದ್ದರು. ಒಂದು ದಿನ ಅವರೇ ಸುದ್ದಿ ತಂದರು. ಕಾರಿನ ಡ್ರೈವರ್ ಚಾಚಾನಿಗೆ ವಯಸ್ಸಾಗಿದೆ, ಕೈಕೆಳಗೆ ಒಬ್ಬ ಹುಡುಗನನ್ನು ಹುಡುಕುತ್ತಿದ್ದಾರೆ, ಹೈದರಾಬಾದಿಗೆ ಒಯ್ದು ಮೋಟಾರಿನ ಕೆಲಸ ಕಲಿಸುತ್ತಾರಂತೆ. ಆ ದಿನ ಅಣ್ಣ ಊಟ ಮಾಡಿದ್ದು ನನಗೆ ನೆನಪಿಲ್ಲ. ಅವನ ಮೀಸೆ ಆಗಷ್ಟೇ ಮೂಡುತ್ತಿತ್ತು.

"ಹೋಗಿ ಕೇಳಲೇನು?" ಎಂದ ಅಪ್ಪನಿಗೆ.

"ಕೇಳಾಕ ಹತ್ತು ಮಂದಿ ನಿಂತಿರ್ತಾರ. ಬಡಿಗ್ಯಾನ ಮಗ ಏನು ಬಲ್ಲ ಮೋಟಾರಿಂದು, ಅಂತಾರ," ಎಂದ ಅಪ್ಪ.

"ಹಂಗಾದ್ರ ಮೋಟಾರು ಮಾಡೇ ತೋರಿಸ್ತೀನಿ ಬಿಡು."

ಹಾಗೆ ಶುರುವಾಯಿತು. ಗೇಣಿಗೆ ಒಂದು ಬೆರಳು ಎಂದು ಲೆಕ್ಕ ಹಾಕಿದ. ನಿಜವಾದ ಕಾರು ಎಷ್ಟು ಗೇಣೋ ಅವನದು ಅಷ್ಟು ಬೆರಳು. ಆದರೆ ಉದ್ದ ಅಳೆಯುವುದು ಹೇಗೆ? ರೈಲ್ವೆ ಗೇಟು ಬಿದ್ದಾಗ ಕಾರು ನಿಲ್ಲಲೇಬೇಕಲ್ಲ. ಅಣ್ಣ ಗೇಟಿನ ಬದಿಗೆ ಕುರಿ ಕಾಯುವವನ ಹಾಗೆ ಕುಳಿತು, ಮೂತಿಯ ನೇರಕ್ಕೆ ಒಂದು ಬಿಳಿ ಹರಳು, ಬಾಲದ ನೇರಕ್ಕೆ ಒಂದು ಹರಳು ಇಟ್ಟ. ಕಾರು ಹೋದ ಮೇಲೆ ಎರಡರ ನಡುವೆ ಗೇಣು ಹಾಕಿದ. ಬಾಗಿಲಿಗೂ ಹಾಗೆಯೇ, ದೀಪಕ್ಕೂ ಹಾಗೆಯೇ. ಗೇಟು ಕಾಯುವವನು, "ಏನಲೇ, ರೈಲು ಬಿಟ್ಟು ಹರಳು ಕಾಯ್ತಿ?" ಎಂದು ನಗುತ್ತಿದ್ದ.

ಸಾಗವಾನಿಯ ತುಂಡಿನಲ್ಲಿ ಮೈ ಕೆತ್ತಿದ. ಗಾಲಿಯ ಮೇಲಿನ ಮಡ್ಗಾರ್ಡುಗಳನ್ನು ಘಾಸಲೇಟ್ ಎಣ್ಣೆಯ ಡಬ್ಬಿಯ ತಗಡಿನಿಂದ ಬಾಗಿಸಿದ. ಅಪ್ಪ ಬಂಡಿಯ ಗಾಲಿಗೆ ಅರ ಕೂಡಿಸುವ ಹಾಗೆಯೇ ಕಡ್ಡಿಯಷ್ಟು ತೆಳ್ಳಗಿನ ಅರಗಳನ್ನು ಕೂಡಿಸಿದ. ಅಪ್ಪ ಮೊದಲು ಬೈದ, ಆಮೇಲೆ ತಾನೇ ಒಂದು ಗಾಲಿಯನ್ನು ಕಸಿದುಕೊಂಡು ಸರಿಮಾಡಿ ಕೊಟ್ಟ. ಟೈರಿಗೆ ಸೈಕಲ್ಲಿನ ಹಳೆಯ ಟ್ಯೂಬು. ಎಲ್ಲಕ್ಕಿಂತ ಚೆಂದ ಟಪ. ಮುರಿದ ಕೊಡೆಯ ಕಡ್ಡಿಗಳನ್ನು ಬಾಗಿಸಿ, ಅದೇ ಕೊಡೆಯ ಕಪ್ಪು ಬಟ್ಟೆ ಹೊಲಿದ. ಒಂದು ಬೆರಳಿನಿಂದ ಹಿಂದಕ್ಕೆ ತಳ್ಳಿದರೆ ಮಡಚಿ ಕೂರುತ್ತಿತ್ತು, ಎಳೆದರೆ ಏಳುತ್ತಿತ್ತು. ಅದು ಮೊದಲ ಸಲ ಮಡಚಿಕೊಂಡ ದಿನ ಅಣ್ಣ ಕತ್ತಲಾಗುವವರೆಗೆ ಬೇರೆ ಕೆಲಸ ಮುಟ್ಟಲಿಲ್ಲ. ಏರಿಸುವುದು, ಇಳಿಸುವುದು, ಅದನ್ನೇ ಮಾಡುತ್ತ ಕುಳಿತಿದ್ದ...

ಉಳಿದದ್ದು ಒಳಗಿನ ನೆಲ. ಡ್ರೈವರನ ಕಾಲ ಬುಡದಲ್ಲಿ ಏನಿದೆ ಎಂಬುದು ರಸ್ತೆಯಿಂದ ಕಾಣುತ್ತಿರಲಿಲ್ಲ. ಕಾರು ನಿಲ್ಲುವುದು ಜನಾನಾದ ಅಂಗಳದಲ್ಲಿ, ಅಲ್ಲಿಗೆ ಊರಿನ ಗಂಡಸರು ಕಾಲಿಡುವಂತಿಲ್ಲ. ಯಾರಿಗೆ ತೋರಿಸಬೇಕೋ ಆ ಚಾಚಾನನ್ನೇ ಕೇಳಿ ಮಾಡುವುದು ಅಣ್ಣನಿಗೆ ಸರಿಕಾಣಲಿಲ್ಲ. ಆದರೆ ಸಣ್ಣ ಹುಡುಗಿಯರಿಗೆ ತಡೆಯಿರಲಿಲ್ಲ. "ತಂಗಿ, ಖಾಲಾನ ಜೋಡಿ ಹೋಗಿ ಬಾ. ಕಾಲ ಬುಡಕ ಪೆಡಲು ಎಷ್ಟವ, ನೆಲಕ್ಕೇನು ಹಾಸ್ಯಾರ, ಎರಡೇ ಎರಡು ನೋಡಿಕೊಂಡು ಬಾ," ಎಂದ. ಅವತ್ತು ಜಡೆಗೆ ಹೊಸ ಟೇಪು ಕಟ್ಟಿದ.

ನಾನು ಹೋದೆ. ಕಾರು ಅಂಗಳದಲ್ಲೇ ನಿಂತಿತ್ತು, ಬಾಗಿಲೂ ತೆರೆದಿತ್ತು. ಆದರೆ ಅದರ ಆಚೆ ದೊಡ್ಡ ಹುಣಸೆಯ ಮರಕ್ಕೆ ಜೋಕಾಲಿ ಕಟ್ಟಿತ್ತು. ಕೋಠಿಯ ಹುಡುಗಿಯೊಬ್ಬಳು, ನನ್ನ ಓರಗೆಯವಳು, ಕೈಮಾಡಿ ಕರೆದಳು. ಅವಳ ಮಾತು ನನಗೆ ಅರ್ಧ ತಿಳಿಯಲಿಲ್ಲ, ನನ್ನದು ಅವಳಿಗೆ. ಇಬ್ಬರೂ ಎದುರುಬದುರು ನಿಂತು ಜೀಕಿದೆವು. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಖಾಲಾ ಕರೆದಾಗ ಆ ಹುಡುಗಿ ಕೊಟ್ಟ ಬತ್ತಾಸು ಬಾಯಲ್ಲಿಟ್ಟುಕೊಂಡು ಅವರ ಹಿಂದೆ ನಡೆದುಬಿಟ್ಟೆ. ಕಾರಿನ ಪಕ್ಕದಿಂದಲೇ ಹಾಯ್ದೆ. ಒಳಗೆ ಇಣುಕಲಿಲ್ಲ.

ನೆನಪಾದದ್ದು ನಮ್ಮ ಓಣಿಯಲ್ಲಿ, ಬಾಗಿಲಲ್ಲಿ ನಿಂತ ಅಣ್ಣನನ್ನು ಕಂಡಾಗ.

ಮರೆತೆ ಎನ್ನಬಹುದಿತ್ತು. ಅವನು ಬೈಯುವವನಲ್ಲ. ಆದರೆ ಅವನ ಮುಖ ನೋಡಿ, "ನಾ ಕಾರಿನ್ಯಾಗ ಕುಂತು ಬಂದೆ," ಎಂದುಬಿಟ್ಟೆ. ಪೆಡಲು ಎಷ್ಟು ಎಂದ. ಮನುಷ್ಯನಿಗೆ ಕಾಲು ಎರಡಲ್ಲವೇ, ಎರಡು ಎಂದೆ. ನೆಲಕ್ಕೇನು ಎಂದ. ನನಗೆ ಗೊತ್ತಿದ್ದ ಎಲ್ಲಕ್ಕಿಂತ ಚೆಂದದ ಬಟ್ಟೆ ಕೆಂಪು ಮಖಮಲ್ಲು. ಅದನ್ನೇ ಹೇಳಿದೆ.

ಮನೆಯಲ್ಲಿದ್ದ ಕೆಂಪು ಮಖಮಲ್ಲು ಅಣ್ಣನ ಹಬ್ಬದ ಟೊಪ್ಪಿಗೆ ಒಂದೇ. ಮರುದಿನ ಅದನ್ನು ಬಿಚ್ಚಿ ಕತ್ತರಿಸಿದ. ಕತ್ತರಿಯ ಸದ್ದು ಕೇಳುತ್ತ ನಾನು ಹೊಟ್ಟಿನ ಮೇಲೆ ಕುಳಿತಿದ್ದೆ. ಆಗಲೂ ಹೇಳಬಹುದಿತ್ತು...

ಕೆಲವು ದಿನಗಳಲ್ಲಿ ನಾವು ಎಣಿಸದ ಹಾಗೆ ಡ್ರೈವರ್ ಚಾಚಾ ತಾವಾಗಿಯೇ ನಮ್ಮ ಮನೆಗೆ ಬಂದರು. ಕಲ್ಲಿನ ರಸ್ತೆಗೆ ಕಾರಿನ ಗಾಲಿಯ ಅರ ಸಡಿಲವಾಗಿತ್ತು. ಊರಿನಲ್ಲಿ ಗಾಲಿ ಬಲ್ಲವನು ಅಪ್ಪ ಒಬ್ಬನೇ. ಟಾಂಗಾದಿಂದ ಗಾಲಿ ಇಳಿಸಿ ಅಪ್ಪನ ಮುಂದಿಟ್ಟು, ಚಾಚಾ ಕಟ್ಟೆಯ ಮೇಲೆ ಕುಳಿತರು. ಅಣ್ಣ ಒಳಗಿನಿಂದ ಕಾರನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಹಿರಿಯರ ಮುಂದೆ ಬರಿತಲೆಯಲ್ಲಿ ಬರುವ ರೂಢಿ ಆಗ ಇರಲಿಲ್ಲ.

"ಟೊಪಗಿ ಎಲ್ಲಿ ಬೇಟಾ?" ಎಂದರು ಚಾಚಾ.

"ಕಾರಿನ್ಯಾಗ ಅದರಿ," ಎಂದ ಅಣ್ಣ.

ಚಾಚಾನಿಗೆ ತಿಳಿಯಲಿಲ್ಲ. ಕಾರನ್ನು ತೊಡೆಯ ಮೇಲೆ ಇಟ್ಟುಕೊಂಡರು. ಗಾಲಿ ತಿರುಗಿಸಿದರು, ಅರಗಳನ್ನು ಎಣಿಸಿ ತಲೆಯಾಡಿಸಿದರು. ಟಪ ಮಡಚಿದಾಗ, "ವಾಹ್ ರೇ ವಾಹ್, ನನ್ನ ಗಾಡೀದು ಇಷ್ಟು ಸಲೀಸ ಮಡಚಂಗಿಲ್ಲ," ಎಂದರು. ಅಪ್ಪ ಕೆಲಸ ಬಿಟ್ಟು ನೋಡುತ್ತಿದ್ದ. ಅಣ್ಣನ ಕಿವಿ ಕೆಂಪಾಗಿದ್ದವು. ಅಷ್ಟರಲ್ಲಿ ಚಾಚಾ ಬಗ್ಗಿ ಒಳಗೆ ನೋಡಿದರು, ನಕ್ಕರು.

"ಮಖಮಲ್ಲು! ಇದರ ಮ್ಯಾಲ ಬೂಟ್ ಇಟ್ರ ಬೇಗಂ ಸಾಹೇಬ್ರು ನನ್ನ ಕಾಲಽ ತೆಗಸ್ತಾರ. ನನ್ನ ಬುಡಕ ಇರೋದು ಕಾಥಿ ಚಾಪಿ, ತೆಂಗಿನ ನಾರಿಂದು. ಮತ್ತ ಪೆಡಲು ಎರಡೇ? ಕಾಲು ಎರಡು, ಪೆಡಲು ಮೂರು ಬೇಟಾ. ಅದಕ್ಕಽ ಡ್ರೈವರಗ ಪಗಾರ ಕೊಡೋದು." ಆಮೇಲೆ ನಗು ನಿಲ್ಲಿಸಿ ಕೇಳಿದರು, "ಇದು ಯಾರು ಹೇಳಿದ್ರು ನಿನಗ?"

ಅಣ್ಣ ಒಮ್ಮೆ ನನ್ನ ಕಡೆ ನೋಡಿದ. ನಾನು ಬಾಗಿಲಿಗೆ ಆತು ನಿಂತಿದ್ದೆ. ಜಡೆಯ ಟೇಪನ್ನು ಬೆರಳಿಗೆ ಸುತ್ತುತ್ತಿದ್ದೆ.

"ಯಾರೂ ಹೇಳಿಲ್ಲರಿ. ನಾನಽ ಅಂದಾಜಿಲೆ ಮಾಡೀನಿ."

ಚಾಚಾ ಮಡಚಿದ್ದ ಟಪವನ್ನು ಮತ್ತೆ ಏರಿಸಿದರು. ಕಾರನ್ನು ಮೆಲ್ಲಗೆ ಅವನ ಕೈಗೆ ಕೊಟ್ಟರು. "ಕೈ ಭಾಳ ಛಲೋ ಅದ ನಿನ್ನದು. ಆದ್ರ ನೋಡಲಾರದ್ದನ್ನ ಖಾಲಿ ಬಿಡಬೇಕಾಗಿತ್ತು. ಅಂದಾಜಿಲೆ ಮಾಡೋ ಹುಡುಗನ ಕೈಯಾಗ ಬ್ರೇಕಿನ ಕೆಲಸ ಕೊಡಾಕ ನನಗ ಅಂಜಿಕಿ ಆಗ್ತದ," ಎಂದರು. ಸಿಟ್ಟಿನಿಂದಲ್ಲ, ತಮಗೇ ನೋವಾದವರ ಹಾಗೆ. ಗಾಲಿ ಸರಿಯಾದ ಮೇಲೆ ಅಣ್ಣನ ಬರಿತಲೆಯ ಮೇಲೆ ಕೈಯಿಟ್ಟು ಹೋದರು. ಮುಂದಿನ ಚಳಿಗಾಲದಲ್ಲಿ ಕಾರು ಬಂದಾಗ ಅವರ ಪಕ್ಕದಲ್ಲಿ ಬೇರೆ ಹುಡುಗ ಕುಳಿತಿದ್ದ.

ಅಣ್ಣ ನನ್ನನ್ನು ಏನೂ ಕೇಳಲಿಲ್ಲ. ಮರುದಿನ ಬೆಳಗ್ಗೆ ಎಂದಿನಂತೆ ಜಡೆ ಹಾಕಿದ.

ಅವನು ದುಃಖದಲ್ಲಿ ಬದುಕಿದ ಎಂದು ಬರೆದರೆ ಅದು ನನ್ನ ಇನ್ನೊಂದು ಸುಳ್ಳಾಗುತ್ತದೆ. ಕೆಲವು ವರ್ಷ ಅಪ್ಪನ ಜೊತೆ ಗಾಲಿ ಮಾಡಿದ, ಆಮೇಲೆ ವಾಡಿಯ ರೈಲ್ವೆಯಲ್ಲಿ ಇಂಜಿನ್ನುಗಳ ಶೆಡ್ಡಿಗೆ ಸೇರಿದ. ಮೈತುಂಬ ಮಸಿ, ಬಾಯಿತುಂಬ ನಗು. ಕ್ವಾರ್ಟರ್ಸಿನ ಮಕ್ಕಳೆಲ್ಲ ಅವನ ಮನೆಯಲ್ಲೇ. ಗೋಡೆಯ ಗೂಡಿನಲ್ಲಿದ್ದ ಕಾರನ್ನು ಇಳಿಸಿ, ಟಪ ಏರಿಸಿ ಇಳಿಸಿ ತೋರಿಸುತ್ತಿದ್ದ. ಟೈರು ಒಣಗಿದರೆ ಬದಲಿಸುತ್ತಿದ್ದ, ಬಣ್ಣ ಹೋದರೆ ಬಳಿಯುತ್ತಿದ್ದ.

ನನ್ನನ್ನು ಸೇಡಂ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಪ್ರತಿ ವರ್ಷ ಪಂಚಮಿಗೆ ಅಣ್ಣ ಬಂದು ಕರೆದೊಯ್ಯುತ್ತಿದ್ದ. ಒಂದು ಪಂಚಮಿಯ ಬೆಳಗ್ಗೆ ಗೂಡಿನ ಕಾರನ್ನು ಒರೆಸುತ್ತ ಒಳಗೆ ನೋಡಿದೆ. ಮಖಮಲ್ಲು ಹಾಗೆಯೇ ಇತ್ತು. ಪೆಡಲು ಎರಡೇ. ಧೈರ್ಯ ಮಾಡಿ ಕೇಳಿದೆ. "ಅಣ್ಣಾ, ಈಗ ನಿನಗ ಎಲ್ಲಾ ಗೊತ್ತದಲ್ಲ. ಮೂರನೇದ್ದು ಯಾಕ ಹಾಕಿಲ್ಲ?"

"ಅದು ನೀ ಕುಂತು ಬಂದ ಕಾರು ತಂಗಿ. ನಾ ಹ್ಯಾಂಗ ತಿದ್ದಲಿ?" ಎಂದು ಕೈ ತೊಳೆಯಲು ಹೋದ.

ಸಂಜೆ ಕ್ವಾರ್ಟರ್ಸಿನ ಹಿಂದಿನ ಬೇವಿನ ಮರಕ್ಕೆ ಹಬ್ಬದ ಜೋಕಾಲಿ ಕಟ್ಟಿದ. ನನ್ನನ್ನು ಕೂಡಿಸಿ ಹಿಂದಿನಿಂದ ತೂಗತೊಡಗಿದ. ನಾಲ್ಕು ಸಲ ತೂಗಿದ ಮೇಲೆ ಹಿಂದಿನಿಂದಲೇ ಕೇಳಿದ, "ಇದು ಎತ್ತರ ಹೋಗ್ತದೋ, ಕೋಠ್ಯಾಗಿನ ಜೋಕಾಲಿ ಎತ್ತರ ಹೋಗ್ತಿತ್ತೋ?"

ಕೋಠಿಯ ಜೋಕಾಲಿಯ ಮಾತನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ. ಖಾಲಾ ಹೇಳಿರಬೇಕು. ಯಾವಾಗ ಹೇಳಿದರೋ... ಚಾಚಾ ಬರುವ ಮೊದಲೋ, ಆಮೇಲೋ. ಕೇಳಲಿಲ್ಲ. ಅವನಿಗೆ ನನ್ನ ಮುಖ ಕಾಣುತ್ತಿರಲಿಲ್ಲ, ಅಷ್ಟೇ ನನ್ನ ಪುಣ್ಯ.

"ಅದು... ಭಾಳ ಎತ್ತರ ಹೋಗ್ತಿತ್ತಣ್ಣ," ಎಂದೆ.

"ಹೋಗ್ಲಿ, ಅಷ್ಟಾದ್ರೂ ಸಿಕ್ತಲ್ಲ ನಿನಗ," ಎಂದು ಇನ್ನೂ ಜೋರಾಗಿ ತೂಗಿದ.

ತಪ್ಪಾಯಿತು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಅವನು ಬಾಗಿಲು ತೆರೆದು ಕೊಟ್ಟಿದ್ದ. ನಾನು ಜೋಕಾಲಿಯ ಹಗ್ಗ ಹಿಡಿದುಕೊಂಡು ನಕ್ಕೆ, ಅಷ್ಟೇ. ಆಮೇಲೆ ಎಷ್ಟೋ ಪಂಚಮಿಗಳು ಬಂದವು. ಜಾಗೀರುಗಳು ಹೋದವು, ಕೋಠಿಗೆ ಬೀಗ ಬಿತ್ತು, ಅಣ್ಣನ ತಲೆ ನೆರೆಯಿತು. ಒಂದು ವರ್ಷ ಪಂಚಮಿಗೆ ಅವನ ಬದಲು ಅವನ ಮಗ ಬಂದ. ಕೈಯಲ್ಲಿ, ಬಟ್ಟೆಯಲ್ಲಿ ಸುತ್ತಿದ ಕಾರು ಇತ್ತು. "ಕಣ್ಣು ಮುಚ್ಚೋ ಮುಂದ, ಅತ್ತೀಗೆ ಕೊಡು ಅಂದಿದ್ದ ಅಪ್ಪ," ಎಂದ.

ಮೊನ್ನೆ ಬಡಿಗನ ಸರೇಸು ಇನ್ನೂ ಬಿಸಿ ಇರುವಾಗ ಆ ಕಾರನ್ನು ತಂದುಕೊಟ್ಟೆ. ಒಂದು ಗಾಲಿಯ ಅರ ಬಿಟ್ಟಿತ್ತು. ಆತ ಅಂಟಿಸಿ, ತಿರುಗಿಸಿ ಮುರುಗಿಸಿ ನೋಡಿ, ಒಳಗೆ ಇಣುಕಿದ. "ಅಮ್ಮಾ, ಇದರಾಗ ಒಂದು ಪೆಡಲು ಕಮ್ಮಿ ಅದರಿ. ಒಂದು ಚೂರು ಕಟಗಿ ಸಾಕು, ಹಾಕಲೇನು?"

"ಬ್ಯಾಡಪ್ಪ. ಮಾಡಿದವ ಮರತದ್ದಲ್ಲ ಅದು," ಎಂದೆ.

ಆತ ಹೋದ ಮೇಲೆ ಕಾರನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕುಳಿತೆ. ಟಪ ಈಗಲೂ ಒಂದು ಬೆರಳಿಗೆ ಮಡಚುತ್ತದೆ. ಅಂಗಳದಲ್ಲಿ ವಾಸನೆ ಇನ್ನೂ ಹೋಗಿರಲಿಲ್ಲ. ಯಾರೂ ಇಲ್ಲವೆಂದು ನೋಡಿಕೊಂಡು, ಬಗ್ಗಿ, ಆ ಕೆಂಪು ಮಖಮಲ್ಲಿಗೆ ಹೇಳಿದೆ:

"ಅಣ್ಣಾ, ನಾ ಕಾರಿನ್ಯಾಗ ಕುಂತಿದ್ದಿಲ್ಲ."