ಯಾರೂ ಬೇಡ ಅನ್ನದ ಯೋಜನೆ

ಮೂವತ್ತೊಂದು ವರ್ಷ ಕೋಪನ್‌ಹೇಗನ್ನಿನ ಬೀದಿಗಳಲ್ಲಿ ಬಸ್ಸು ಓಡಿಸಿದ ಬೋದಿಲ್‌ಗೆ ಸಭೆ ಎಂದರೆ ಮೈಯೆಲ್ಲ ತುರಿಕೆ. ಬಸ್ಸಿನಲ್ಲಿ ಎಲ್ಲವೂ ಸರಳ. ಹೊತ್ತಾಯಿತೋ, ಬಾಗಿಲು ಮುಚ್ಚು, ಹೊರಡು. ಓಡೋಡಿ ಬಂದು ಗಾಜು ಬಡಿದವರನ್ನು ಅವಳು ತಿರುಗಿಯೂ ನೋಡಿದವಳಲ್ಲ. ಅಂಥವಳು ನಿವೃತ್ತಳಾದ ಎರಡೇ ತಿಂಗಳಿಗೆ ತನ್ನ ಕಟ್ಟಡದ ನಿವಾಸಿಗಳ ಸಂಘಕ್ಕೆ ಅಧ್ಯಕ್ಷೆಯಾದಳು. ಆದಳು ಅನ್ನುವುದಕ್ಕಿಂತ ಸಿಕ್ಕಿಬಿದ್ದಳು ಅನ್ನಬೇಕು. ಹೊಸ ಅಧ್ಯಕ್ಷರು ಯಾರು ಎಂದು ಕೇಳಿದಾಗ ಎಲ್ಲರೂ ಕಾಫಿ ಲೋಟದ ತಳ ನೋಡುತ್ತ ಕೂತಿದ್ದರು, ಇವಳೊಬ್ಬಳು ತಲೆ ಎತ್ತಿದ್ದಳು.

ಅವಳ ಕಟ್ಟಡ ಇರುವುದು ವಾಲ್ಬಿ ಇಳಿಜಾರಿನ ಬುಡದಲ್ಲಿ. ಅದೂ ಸೇರಿ ಸುತ್ತ ಐದು ಕಟ್ಟಡ, ಐದು ಸಂಘ, ನಡುವೆ ಎಲ್ಲರಿಗೂ ಸೇರಿದ ಒಂದು ಡಾಂಬರಿನ ಅಂಗಳ. ನಾಲ್ಕು ಬೇಸಿಗೆಯ ಹಿಂದೆ ಒಂದು ಮಧ್ಯಾಹ್ನ ಮೋಡ ಒಡೆದು ಸುರಿದಾಗ ಇಳಿಜಾರಿನ ನೀರೆಲ್ಲ ಬಂದು ಇಲ್ಲಿ ನಿಂತಿತು. ಇಂಥ ಮಳೆ ಇನ್ನು ಮೇಲೆ ಬರುತ್ತಲೇ ಇರುತ್ತದೆ, ಊರಿನ ಕೊಳವೆಗಳಿಗೆ ಅದು ತಡೆಯುವುದಿಲ್ಲ ಎಂದು ನಗರಸಭೆ ಲೆಕ್ಕ ಹಾಕಿ ಇಡೀ ಇಳಿಜಾರಿಗೆ ಒಂದು ಯೋಜನೆ ಮಾಡಿತು. ಮೇಲಿನ ಬೀದಿ ನೀರನ್ನು ಪಾರ್ಕಿಗೆ ಕೊಡಬೇಕು, ಪಾರ್ಕು ಅಂಗಳಗಳಿಗೆ ಕೊಡಬೇಕು, ಅಂಗಳಗಳು ತಗ್ಗಾಗಿ, ಮಣ್ಣಾಗಿ, ಆ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡಬೇಕು. ನಡುವೆ ಒಬ್ಬರು ಒಲ್ಲೆ ಅಂದರೆ ಅವರ ಪಾಲಿನ ನೀರು ಕೆಳಗಿನವರ ನೆಲಮಾಳಿಗೆಗೆ.

"ಎಲ್ಲರೂ ಸ್ವಲ್ಪ ಸ್ವಲ್ಪ ಒದ್ದೆ ಆಗೋಕೆ ಒಪ್ಪಬೇಕು, ಅಷ್ಟೇ" ಎಂದಿದ್ದ ನಗರಸಭೆಯ ಎಂಜಿನಿಯರ್ ಯೆಪ್ಪೆ. ಅಗೆಯುವುದು, ಗಿಡ ನೆಡುವುದು ಎಲ್ಲ ಊರಿನ ಖರ್ಚು. ಐದೂ ಸಂಘಗಳು ಎರಡು ವರ್ಷದಾಚೆಯ ಏಪ್ರಿಲ್ ಮುಗಿಯುವುದರೊಳಗೆ ಒಪ್ಪಿಗೆ ಬರೆದುಕೊಡಬೇಕು. ತಪ್ಪಿದರೆ ಅಂಗಳ ಪಟ್ಟಿಯ ಕೊನೆಗೆ ಹೋಗುತ್ತದೆ. ಕೊನೆ ಎಂದರೆ ಏಳು ವರ್ಷ.

ಏಳು ವರ್ಷ ಕಾಯುವ ತಾಳ್ಮೆ ನುರಾಯ್‌ಗೆ ಇರಲಿಲ್ಲ. ಬೋದಿಲ್‌ಳ ಮೆಟ್ಟಿಲ ಕೆಳಗಿನ ನೆಲಮಾಳಿಗೆಯಲ್ಲಿ ನುರಾಯ್‌ಳ ಹೊಲಿಗೆ ಅಂಗಡಿ. ಆ ಮಳೆಯ ದಿನ ಪಾಯಿಖಾನೆಯ ಗುಂಡಿಯಿಂದ ನೀರು ಉಕ್ಕಿ ಮೊಣಕಾಲ ಮಟ್ಟ ನಿಂತಿತ್ತು. ಮೂರು ಯಂತ್ರ ಹೋದವು. ಯಾರದೋ ಮದುವೆಯ ಬಿಳಿ ಉಡುಪನ್ನು ತಲೆಯ ಮೇಲೆ ಹೊತ್ತು ನಿಂತಿದ್ದ ನುರಾಯ್‌ಳನ್ನು ಕೈ ಹಿಡಿದು ಎಳೆದವಳು ಬೋದಿಲ್. ಅಂದಿನಿಂದ ಬೆಳಗಿನ ಕಾಫಿ ಇಬ್ಬರದೂ ಒಟ್ಟಿಗೆ. ಗಂಡ ತೀರಿಕೊಂಡ ಮೇಲೆ ಬೋದಿಲ್ ದಿನಕ್ಕೊಮ್ಮೆ ಬಾಯಿ ತುಂಬ ಮಾತಾಡುತ್ತಿದ್ದದ್ದು ಆ ನೆಲಮಾಳಿಗೆಯಲ್ಲಿ ಮಾತ್ರ.

"ಈ ಯೋಜನೆ ಆಗ್ಲಿಲ್ಲ ಅಂದ್ರೆ ನಾನು ಹೊರಟೆ ಅಕ್ಕ," ಎಂದಿದ್ದಳು ನುರಾಯ್. "ಒಂದು ಗುಡುಗು ಕೇಳಿದ್ರೂ ಅಂಗಡಿಗೆ ಓಡಿ ಬರ್ತೀನಿ. ಇದೂ ಒಂದು ಬಾಳಾ?"

"ಯಾಕಾಗಲ್ಲ? ನಾನಿಲ್ವಾ? ನಾನು ಮಾಡಿಸ್ತೀನಿ" ಎಂದಳು ಬೋದಿಲ್.

ಮಾಡಿಸಲು ಹೊರಟಾಗ ಗೊತ್ತಾಯಿತು, ತನ್ನ ಊರಿನವರು ಎಂಥ ಮಾತಿನ ಮಲ್ಲರೆಂದು. ಎರಡು ವರ್ಷ ಅವಳು ಉಳಿದ ನಾಲ್ಕು ಸಂಘಗಳ ಬಾಗಿಲು ತಟ್ಟಿದಳು, ಅವರ ಒಣಕಲು ಬನ್ನು ತಿಂದಳು. ಒಬ್ಬರಿಗೆ ಸೊಳ್ಳೆಯ ಚಿಂತೆ, ಒಬ್ಬರಿಗೆ ಮಕ್ಕಳು ಕುಣಿದಾಡುವ ಟ್ರ್ಯಾಂಪೊಲಿನ್ ಎಲ್ಲಿಡುವುದೆಂಬ ಚಿಂತೆ. ಮೂರನೆಯ ಸಂಘದಲ್ಲಿ ಒಬ್ಬ ಮಹಾನುಭಾವ, ತಾನು ಮಾಂಸ ಸುಡುವ ಒಲೆಯ ಜಾಗ ನಕ್ಷೆಯಲ್ಲಿ ಕಾಣುತ್ತಿಲ್ಲವೆಂದು ಮೂರು ಸಭೆ ಕೊರೆದ. ಇಡೀ ಊರು ಮುಳುಗುವ ಮಾತಾಡುವಾಗ ಇವನಿಗೆ ಸಾಸೇಜಿನ ಯೋಚನೆ! ಆದರೂ ಹಲ್ಲು ಕಚ್ಚಿ ನಾಲ್ವರ ಸಹಿಯೂ ತಂದಳು. ಉಳಿದದ್ದು ಅವಳದೇ ಸಂಘ. ವಾರ್ಷಿಕ ಸಭೆ ಮಂಗಳವಾರ, ಗಡುವು ಅದೇ ವಾರದ ಶುಕ್ರವಾರ.

ಪಕ್ಕದ ಶಾಲೆಯ ಊಟದ ಕೋಣೆಯಲ್ಲಿ ಸಭೆ. ಒಂಬತ್ತಕ್ಕೆ ಖಾಲಿ ಮಾಡಬೇಕು. ನಡೆಸಿಕೊಡಲು ಹೋಲ್ಗರ್ ನಿಂತ. ಮೂರನೇ ಮಹಡಿಯ ಈ ನಿವೃತ್ತ ಗಣಿತ ಮೇಷ್ಟ್ರಿಗೆ ಸಂಘದ ನಿಯಮಾವಳಿ ಬಾಯಿಪಾಠ. ಮಳೆಯ ವಿಷಯ ಆರನೆಯದು. ಐದನೆಯದು, ಮೆಟ್ಟಿಲ ಬಾಗಿಲಿಗೆ ಯಾವ ಬಣ್ಣ.

ಬೂದು ಎಂದು ಎಲ್ಲರೂ ಒಪ್ಪಿದರು. ಯಾವ ಬೂದು ಎಂಬುದಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು.

"ಇದು ತಣ್ಣಗಿದೆ, ನೋಡಿದ್ರೆ ಆಸ್ಪತ್ರೆ ಥರ."

"ಅದು ಬೆಚ್ಚಗಿದೆ, ಆದ್ರೆ ಕೊಳೆ ಕಾಣತ್ತೆ."

"ಕೊಳೆ ಕಾಣ್ಲಿ ಬಿಡ್ರಿ, ಕಂಡ್ರೆ ತಾನೇ ಒರೆಸೋದು!"

ಬೋದಿಲ್‌ಗೆ ಮೈ ಪರಚಿಕೊಳ್ಳುವ ಹಾಗಾಯಿತು. ಎಂಟೂವರೆ. ಮಳೆಯ ವಿಷಯದ ನಂತರ ನಡೆಯಬೇಕಿದ್ದ ಸಮಿತಿಯ ಚುನಾವಣೆಗೆ ಹೆಸರು ಕೊಟ್ಟಿದ್ದ ಇಬ್ಬರು ತಾಯಂದಿರು ಮಕ್ಕಳನ್ನು ಮಲಗಿಸಬೇಕೆಂದು ಕೋಟು ಕೈಗೆತ್ತಿಕೊಂಡಿದ್ದರು. ಅವರು ಹೋದರೆ ಚುನಾವಣೆ ಇಲ್ಲ. ಅವಸರದಲ್ಲಿ ಬೋದಿಲ್ ಆ ಮಾತು ಆಡಿಯೇ ಬಿಟ್ಟಳು.

"ಮೊದಲು ಚುನಾವಣೆ ಮುಗಿಸಿಬಿಡಿ ಹೋಲ್ಗರ್. ನನ್ನ ಮಳೆ ಕೊನೆಗೆ 'ಇತರೆ' ವಿಷಯಗಳಲ್ಲಿ ಬರಲಿ. ಹೇಗೂ ಯಾರದೂ ತಕರಾರಿಲ್ಲ."

ಎಲ್ಲರಿಗೂ ಹಾಯೆನಿಸಿತು. ಚುನಾವಣೆ ಮುಗಿಯಿತು. ತಾಯಂದಿರು ಮಳೆಯ ಯೋಜನೆಗೆ ಒಪ್ಪಿಗೆಯ ಚೀಟಿ ಬರೆದಿಟ್ಟು ಹೋದರು. 'ಇತರೆ' ಬಂತು. ಬೋದಿಲ್ ಮೂರೇ ನಿಮಿಷ ಮಾತಾಡಿ, ಒಪ್ಪುವವರು ಕೈ ಎತ್ತಿ ಎಂದಳು. ಚೀಟಿಯೂ ಸೇರಿ ನಲವತ್ತೊಂದು. ಇಳಿದ ಕೈ ಒಂದೂ ಇಲ್ಲ. ಹೋಲ್ಗರನ ಕೈಯೂ ಮೇಲಿತ್ತು. ಬೋದಿಲ್‌ಗೆ ಎರಡು ವರ್ಷದ ಬನ್ನು ಆ ಕ್ಷಣಕ್ಕೆ ಅರಗಿದ ಹಾಗಾಯಿತು.

ಹೋಲ್ಗರ್ ಕೈ ಇಳಿಸಿ ಕೆಮ್ಮಿದ.

"ಒಳ್ಳೇದು. ಆದ್ರೆ ಇದು ತೀರ್ಮಾನ ಅಲ್ಲ. 'ಇತರೆ'ಯಲ್ಲಿ ಏನು ಬೇಕಾದ್ರೂ ಮಾತಾಡಬಹುದು, ಏನನ್ನೂ ತೀರ್ಮಾನ ಮಾಡೋ ಹಾಗಿಲ್ಲ."

ಯಾರೂ ವಾದಿಸಲಿಲ್ಲ. ಆ ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಆ ನಿಯಮ ಗೊತ್ತಿತ್ತು. ಈಜು ಸಂಘದಿಂದ ಹಿಡಿದು ಶಾಲೆಯ ಪೋಷಕರ ಸಭೆಯವರೆಗೆ ಈ ದೇಶದಲ್ಲಿ ಎಲ್ಲೆಲ್ಲೂ ಅದೇ ನಿಯಮ. ಬೋದಿಲ್‌ಗೂ ಗೊತ್ತಿತ್ತು. ಇನ್ನೊಂದು ಸಭೆ ಕರೆಯಬೇಕೆಂದರೆ ಹದಿನಾಲ್ಕು ದಿನ ಮೊದಲೇ ತಿಳಿಸಬೇಕು. ಕೈಯಲ್ಲಿ ಇದ್ದದ್ದು ಮೂರು ದಿನ. ಕಾವಲಿನವ ಬಾಗಿಲಲ್ಲಿ ಬೀಗದ ಕೈಗಳ ಗೊಂಚಲು ಅಲ್ಲಾಡಿಸಿದ.

ಮೆಟ್ಟಿಲಲ್ಲಿ ಅವಳು ಹೋಲ್ಗರನನ್ನು ಅಡ್ಡಗಟ್ಟಿದಳು.

"ಆರನೇ ವಿಷಯದ ಕೆಳಗೆ ಬರೆದುಬಿಡು. ಎಲ್ಲರೂ ಕೈ ಎತ್ತಿದ್ದು ನೀನೇ ನೋಡಿದ್ದೀಯ."

"ನೋಡಿದೀನಿ. ನಾನೂ ಎತ್ತಿದೀನಿ."

"ಮತ್ತೇನು ರೋಗ ನಿಂಗೆ?"

"ಇವತ್ತು ಒಳ್ಳೇದಕ್ಕೆ ಸುಳ್ಳು ಬರೀತೀನಿ. ನಾಳೆ ಇನ್ಯಾರೋ ಅಂಗಳ ಮಾರೋಕೆ ಹೀಗೇ ಬರೀತಾನೆ. ಆಗ ನೀನೇ ನನ್ನ ಹತ್ರ ಓಡಿ ಬರ್ತೀಯ."

"ನೀನು ಹೇಳೋದು ಸರಿ," ಎಂದಳು ಬೋದಿಲ್. ಅವಳ ಮೂಗಿನ ತುದಿ ಕೆಂಪಾಗಿತ್ತು. "ಸರಿಯಾಗಿದೆಯಲ್ಲ, ಅದಕ್ಕೇ ನನ್ನ ಹೊಟ್ಟೆ ಉರೀತಿರೋದು. ನಾನು 'ಇತರೆ' ಅಂದಾಗ ನೀನು ಬಾಯಲ್ಲಿ ಏನಿಟ್ಕೊಂಡಿದ್ದೆ?"

"ನೀನು ಬರೀ ಮಾತಾಡ್ತೀಯ ಅಂದ್ಕೊಂಡೆ. ವೋಟು ಕೇಳ್ತೀಯ ಅಂತ ಗೊತ್ತಿರ್ಲಿಲ್ಲ." ಹೋಲ್ಗರ್ ನಿಜವಾಗಿಯೂ ನೊಂದಿದ್ದ. ಅದು ಇನ್ನೂ ಕಿರಿಕಿರಿ.

ಮರುದಿನ ಅವಳು ಯೆಪ್ಪೆಗೆ ಫೋನು ಮಾಡಿದಳು. ಹದಿನೈದು ದಿನ, ಬರೀ ಹದಿನೈದು ದಿನ ಕಾಯಿರಿ ಎಂದಳು.

"ಕಾದರೆ ನಿಮಗೊಬ್ಬರಿಗೇ ಕಾಯೋಕಾಗಲ್ಲ ಬೋದಿಲ್. ಮೂವತ್ತೆಂಟು ಅಂಗಳ ಸಾಲಲ್ಲಿವೆ. ಒಂದರ ಕೊಳವೆ ಆದಮೇಲೇ ಇನ್ನೊಂದರದ್ದು. ನಿಮಗೆ ಬಿಟ್ಟರೆ ಮುಂದಿನವರಿಗೂ ಬಿಡಬೇಕು, ಕೊನೆಯವರಿಗೆ ಅಷ್ಟರಲ್ಲಿ ಇನ್ನೆರಡು ಬೇಸಿಗೆ ಕಳೆದಿರತ್ತೆ."

ಮೂವತ್ತೊಂದು ವರ್ಷ ಬೋದಿಲ್ ಜನರಿಗೆ ಹೇಳಿದ್ದು ಇದನ್ನೇ. ಒಬ್ಬರಿಗಾಗಿ ನಿಂತರೆ ಬಸ್ಸಿನಲ್ಲಿದ್ದ ಅರವತ್ತು ಮಂದಿಗೆ ತಡ. ಫೋನಿನ ಆಚೆಯ ಹುಡುಗನನ್ನು ಬೈಯಲು ಒಂದು ಕಾರಣ ಸಿಕ್ಕಿದ್ದರೆ ಸಾಕಿತ್ತು, ಅದೂ ಸಿಗಲಿಲ್ಲ.

ನೆಲಮಾಳಿಗೆಗೆ ಇಳಿದು ನುರಾಯ್‌ಗೆ ಎಲ್ಲ ಹೇಳಿದಳು. ನುರಾಯ್ ಪ್ಯಾಂಟೊಂದರ ಕಾಲಿನ ಹೊಲಿಗೆ ಬಿಚ್ಚುತ್ತ ಕೇಳಿಸಿಕೊಂಡಳು.

"ಹಾಗಾದ್ರೆ ಬೇಡ ಅಂದವರು ಯಾರು ಅಕ್ಕ?"

"ಯಾರೂ ಇಲ್ಲ."

"ಒಬ್ರೂ?"

"ಒಬ್ರೂ ಇಲ್ಲ. ತಪ್ಪು ನಂದೇ. ನಾನೇ ಕೊನೆಗೆ ಹಾಕಿ ಅಂದೆ."

ನುರಾಯ್ ದಾರ ಕಚ್ಚಿ ಕಡಿದಳು. "ಯಾರಾದ್ರೂ ಬೇಡ ಅಂದಿದ್ರೆ ಅವರ ಮನೆ ಮುಂದೆ ನಿಂತು ಬೈದು ಹೋಗ್ತಿದ್ದೆ. ಈಗ ಯಾರನ್ನ ಬಯ್ಯಲಿ? ನಿನ್ನನ್ನಾ?"

"ನನ್ನನ್ನೇ ಬೈಯಮ್ಮ. ಸ್ವಲ್ಪ ಹಗುರಾಗತ್ತೆ."

ನುರಾಯ್ ಬೈಯಲಿಲ್ಲ. ಜೂನಿನಲ್ಲಿ ಊರಾಚೆ, ನೆಲಮಟ್ಟಕ್ಕಿಂತ ಎತ್ತರದಲ್ಲಿ ಒಂದು ಅಂಗಡಿ ಹಿಡಿದಳು. ಯಂತ್ರಗಳನ್ನು ಮೇಲಕ್ಕೆ ಹೊರುವಾಗ ಕಟ್ಟಡದ ಎಲ್ಲರೂ ಬಂದು ಕೈ ಕೊಟ್ಟರು, ಹೋಲ್ಗರ್ ಕೂಡ. ಎಷ್ಟು ಒಳ್ಳೆಯ ಜನ! ಬೋದಿಲ್‌ಗೆ ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕಿವಿ ಹಿಂಡಬೇಕೆನಿಸಿತು, ಮೊದಲು ತನ್ನದನ್ನೇ.

ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಸಭೆ. ಪಟ್ಟಿಯ ಕೊನೆಯಲ್ಲಾದರೂ ಹೆಸರು ಉಳಿಯಬೇಕಾದರೆ ಒಪ್ಪಿಗೆ ಬೇಕು. ಬೋದಿಲ್ ಮಳೆಯನ್ನು ಮೊದಲನೆಯ ವಿಷಯವಾಗಿ ಹಾಕಿಸಿದ್ದಳು. ಓದಿದಳು, ಕೈ ಎತ್ತಿದರು, ಹೋಲ್ಗರ್ ಎಣಿಸಿ ಬರೆದುಕೊಂಡ. ನಾಲ್ಕು ನಿಮಿಷ. ಅಂಗಳ ಅಗೆಯುವುದಕ್ಕೆ ಇನ್ನು ಆರು ವರ್ಷ.

ಯಾರೋ ಚಪ್ಪಾಳೆ ಶುರು ಮಾಡಿದರು. ಉಳಿದವರು ಸೇರಿಕೊಂಡರು.

"ನಿಲ್ಲಿಸ್ರಿ!" ಎಂದಳು ಬೋದಿಲ್.

ಚಪ್ಪಾಳೆ ಒಂದೊಂದಾಗಿ ನಿಂತಿತು. ಎಲ್ಲರೂ ಕಕ್ಕಾಬಿಕ್ಕಿಯಾಗಿ ಅವಳನ್ನೇ ನೋಡಿದರು.

"ನಾಲ್ಕು ನಿಮಿಷ ಸಾಕಾಗಿತ್ತು," ಎಂದಳು ಅವಳು. "ಹೋದ ವರ್ಷ ನಮ್ಮ ಹತ್ರ ನಾಲ್ಕು ನಿಮಿಷ ಇರ್ಲಿಲ್ವಾ?"

ಉತ್ತರಕ್ಕೆ ಕಾಯದೆ ಅವಳು ಕುರ್ಚಿ ಎಳೆದುಕೊಂಡು ಕೂತಳು. ಹೋಲ್ಗರ್ ಮೆಲ್ಲಗೆ ಎರಡನೆಯ ವಿಷಯ ಓದಿದ: ಖಾಲಿ ಬಿದ್ದಿರುವ ನೆಲಮಾಳಿಗೆಯ ಅಂಗಡಿಯನ್ನು ಏನು ಮಾಡುವುದು.