ಹಳೇ ಮರದ ಗಾಳಿ

ಮೊನ್ನೆ ಹೊಸ ಹುಣಸೆಹಣ್ಣಿಗೆ ಕಲ್ಲುಪ್ಪು ಬೆರೆಸಿ ಜಾಡಿಗೆ ಒತ್ತುತ್ತಿದ್ದೆ. ಆ ಹುಳಿವಾಸನೆ ಮೂಗಿಗೆ ಬಡಿದದ್ದೇ ತಡ, ಮಂಡಿ ಮಾವ ಬಂದು ಎದುರಿಗೆ ಕೂತಂತಾಯಿತು. ಹಿಂದೂಪುರದಲ್ಲಿ ನಮ್ಮ ಪಕ್ಕದ ಮನೆಯವರು, ಹುಣಸೆ ಮಂಡಿಯ ಯಜಮಾನರು. ರಕ್ತಸಂಬಂಧವೇನೂ ಇಲ್ಲ, ಮದುವೆಯಾಗಿ ಈ ಬೀದಿಗೆ ಬಂದಾಗಿನಿಂದ ಮಾವ ಎಂದೇ ಕರೆದೆ. ಹಣೆಯ ತುಂಬ ವಿಭೂತಿ, ಮೈತುಂಬ ಹುಣಸೆ ವಾಸನೆ, ಬಾಯಿ ಬಲು ಜೋರು. ನಾನೇನು ಕಡಿಮೆಯೇ? ಜಗಳವಾಡದೆ ಇಬ್ಬರಿಗೂ ಬೆಳಗಿನ ಕಾಫಿ ಇಳಿಯುತ್ತಿರಲಿಲ್ಲ.

ಅವರು ಒಂದು ಸಂಘಕ್ಕೆ ಅಧ್ಯಕ್ಷರಾದರು. ವರ್ತಕರ ಸಂಘವೇ, ಆದರೆ ಮಾರುವ ಸರಕು ಗಾಳಿ! ರೈತರು ಗಿಡ ನೆಡಬೇಕು, ಗಿಡ ಹೊಗೆ ಹೀರಿಕೊಳ್ಳಬೇಕು, ಹೀರಿದ್ದಕ್ಕೆ ಎಲ್ಲೋ ದೂರದ ಕಾರ್ಖಾನೆಗಳು ಬೆಲೆ ಕೊಡಬೇಕು. ಮರವಾಗಲಿ ಕೆರೆಯಾಗಲಿ, ಮಾರುಕಟ್ಟೆಗೆ ಬಂದರೆ ಉಳಿಯುತ್ತದೆ ಎನ್ನುವುದು ಸಂಘದ ವಾದ. ಗಾಳಿಯನ್ನೂ ತಕ್ಕಡಿಗೆ ಹಾಕುತ್ತೀರಾ ಮಾವಾ ಎಂದು ನಾನು ನಕ್ಕಿದ್ದೆ.

"ನಗಬ್ಯಾಡ ಕಣಮ್ಮ. ನಮ್ಮ ಕಡೆ ಬೇವಿನಮರ ಎಲ್ಲಾ ಹೋದ್ವು, ಹುಣಸೆಮರ ಉಳ್ಕಂಡ್ವು. ಯಾಕೆ? ಹುಣಸೆಗೆ ರೇಟೈತೆ. ರೇಟಿಲ್ಲದ್ದನ್ನ ಯಾರು ಕಾಯ್ತಾರೆ, ಚೆಪ್ಪು ನೋಡಾನ?"

ಅವರಿಗೆ ರೇಗಿದರೆ ತೆಲುಗು ಬರುತ್ತಿತ್ತು. ಆದರೆ ಆ ಮಾತೇನೂ ಸುಳ್ಳಲ್ಲ.

ನನ್ನ ತವರು ಕಲ್ಯಾಣದುರ್ಗದಿಂದಾಚೆ, ಬ್ರಹ್ಮಸಮುದ್ರದ ಹತ್ತಿರ, ಆಂಧ್ರದಲ್ಲಿದ್ದರೂ ಕನ್ನಡ ಮಾತಿನ ಊರು. ಅಲ್ಲಿ ನಮ್ಮ ಚಿಕ್ಕಮ್ಮನ ಹೊಲದ ಬದುವಿನಲ್ಲೊಂದು ದೊಡ್ಡ ಹುಣಸೆಮರವಿತ್ತು. ಮಧ್ಯಾಹ್ನದ ಹೊತ್ತು ಕುರಿಮಂದೆ ಇಡಿಯಾಗಿ ಅದರ ನೆರಳಿನಲ್ಲಿ ಮಲಗುತ್ತಿತ್ತು. ಕಾಯಿ ಬಿಟ್ಟ ವರ್ಷವೆಲ್ಲ ಮಾವನೇ ಅದರ ಫಸಲು ಕೊಳ್ಳುತ್ತಿದ್ದರು. ಮಂಡಿಯ ರಾಶಿಯಿಂದ ಒಂದು ಹಣ್ಣು ಚೀಪಿ, ಇದು ನಿಮ್ಮ ಚಿಕ್ಕಮ್ಮನ ಮರದ್ದು ಎಂದು ಹೇಳಿಬಿಡುವರು. ಅಷ್ಟು ಇಷ್ಟ ಆ ಮರ... ಹಾಗಾಗಿ ಸಂಘದ ಮೊದಲ ಸಭೆ ಅದರ ಅಡಿಯಲ್ಲೇ ಆಯಿತು. ನಾನೂ ಜೊತೆಗೆ ಹೋಗಿದ್ದೆ.

ಬೇವು ಹೋಯಿತು, ಹುಣಸೆ ಉಳಿಯಿತು, ರೇಟಿಲ್ಲದ್ದನ್ನು ಯಾರು ಕಾಯುತ್ತಾರೆ ಎಂಬ ಮಾತನ್ನು ಮಾವ ಅಲ್ಲಿಯೂ ಹೇಳಿದರು. ಜನ ತಲೆದೂಗಿದರು. ಆಗ ಚಿಕ್ಕಮ್ಮ ಎದ್ದು, "ಅಣ್ಣಾ, ಈ ಮರದ ಗಾಳಿಗೆ ಎಷ್ಟು ಕೊಡ್ತಾರೆ?" ಎಂದಳು. ಮಾವ ಸಂಘದ ಆಫೀಸರನ ಮುಖ ನೋಡಿದರು. ಮೊದಲಿನಿಂದ ಇರುವ ಮರಕ್ಕೆ ಏನೂ ಬರುವುದಿಲ್ಲ, ಈಗ ಹೊಸದಾಗಿ ನೆಟ್ಟದ್ದಕ್ಕೆ ಮಾತ್ರ ಎಂದು ಆತ ತೆಲುಗಿನಲ್ಲಿ ವಿವರಿಸಿದ. "ಹಳೇ ಮರಕ್ಕೆ ರೇಟಿಲ್ಲ ಕಣಮ್ಮ" ಎಂದು ಮಾವ ಅದನ್ನೇ ಕನ್ನಡದಲ್ಲಿ ಚುಟುಕಾಗಿ ಹೇಳಿ ಮುಂದಕ್ಕೆ ಹೋದರು.

"ಯಾಕೆ, ನಮ್ಮ ಮರದ್ದು ಗಾಳಿ ಅಲ್ವಾ?" ಎಂದಳು ಚಿಕ್ಕಮ್ಮ. ಎಲ್ಲರೂ ನಕ್ಕರು, ಮಾವನೂ ನಕ್ಕರು.

ಆ ಮಾತು ಮನೆಯಿಂದ ಮನೆಗೆ, ಊರಿಂದ ಊರಿಗೆ ಹೋಯಿತು. ಹೋಗುತ್ತಾ ಹೋಗುತ್ತಾ "ಹಳೇ ಮರಕ್ಕೆ ರೇಟಿಲ್ಲ" ಎಂಬುದು "ಹಳೇ ಮರ ಇದ್ದರೆ ರೇಟಿಲ್ಲ" ಎಂದಾಯಿತು. ಅಷ್ಟೇ ವ್ಯತ್ಯಾಸ. ಹೊಲದಲ್ಲಿ ಹಳೆಯ ಮರವಿದ್ದವರನ್ನು ಸಂಘ ಸೇರಿಸಿಕೊಳ್ಳುವುದಿಲ್ಲವಂತೆ ಎಂದು ಜನ ಕೊಡಲಿ ಎತ್ತಿದರು. ಹೊಂಗೆ ಹೋಯಿತು, ಉಳಿದಿದ್ದ ನಾಲ್ಕಾರು ಬೇವೂ ಹೋದವು. ಚಿಕ್ಕಮ್ಮನ ಹುಣಸೆ ಆ ವರ್ಷ ಕಾಯಿ ಬಿಟ್ಟಿರಲಿಲ್ಲ. ಮಟನ್ ಅಂಗಡಿಯಲ್ಲಿ ಮಾಂಸ ಕಡಿಯುವ ಕೊರಡಿಗೆ ಬೇಕೆಂದು ಯಾರೋ ಬಂದು ಕೇಳಿದ್ದರು, ಅವಳು ಒಪ್ಪಿಬಿಟ್ಟಳು.

ಸುದ್ದಿ ತಿಳಿದಾಗ ಮಾವ ಮಂಡಿಯ ಹರಾಜನ್ನು ಅರ್ಧಕ್ಕೇ ಬಿಟ್ಟು, ನನ್ನನ್ನೂ ಕಾರಿಗೆ ಹತ್ತಿಸಿಕೊಂಡು ಹೊರಟರು. ಕಲ್ಯಾಣದುರ್ಗ ದಾಟುವವರೆಗೆ ಎಲ್ಲೂ ಕಾರು ನಿಲ್ಲಿಸಲಿಲ್ಲ. ನಾವು ಹೋಗುವಷ್ಟರಲ್ಲಿ ಮರ ಕೊಯ್ಯುವ ಮಿಷಿನ್ನು ಬುಡಕ್ಕೆ ಇಳಿದಿತ್ತು.

"ನಿಲ್ಸ್ರೋ! ನಾನು ಹಂಗಂದಿಲ್ಲ ಕಣಮ್ಮ!" ಎಂದು ಮಾವ ಚಿಕ್ಕಮ್ಮನ ಕಡೆ ಓಡುತ್ತಾ ಕೂಗಿಕೊಂಡರು. ಆಮೇಲೆ ಹೆಗಲ ಮೇಲಿನ ಟವಲನ್ನು ಎಳೆದು ಚಿಕ್ಕಮ್ಮನ ಕೈಮೇಲೆ ಹಾಕಿ, ಅದರಡಿ ಅವಳ ಬೆರಳು ಹಿಡಿದರು. ಹಳೇ ಕಾಲದ ಮಂಡಿಯವರು ಗುಟ್ಟಾಗಿ ಬೆಲೆ ಹೇಳುವ ರೀತಿ ಅದು; ಮರ ಉಳಿಸಲು ತಾವೇ ಬೆಲೆ ಕೊಡಲು ಹೊರಟಿದ್ದರು. ಆ ಮನುಷ್ಯನಿಗೆ ಗೊತ್ತಿದ್ದ ಭಾಷೆಯೇ ಅದೊಂದು.

ಚಿಕ್ಕಮ್ಮ ಕೈ ಎಳೆದುಕೊಂಡಳು. "ಬ್ಯಾಡ ಬಿಡಣ್ಣ. ರೇಟಿಲ್ಲದ್ದನ್ನ ಯಾರು ಕಾಯ್ತಾರೆ ಅಂತ ನೀವೇ ಅಂದ್ರಿ. ನಿಮ್ಮ ಮಾತು ನಂಬ್ಕಂಡು ಅರ್ಧ ಕೊಯ್ದಾಯ್ತಲ್ಲ, ಇನ್ನೆಲ್ಲಿ ಉಳಿತೈತೆ?" ಎಂದು ಅತ್ತಳು.

ಮರ ಸಂಜೆಗೆ ಬಿತ್ತು. ಮಾವ ಸಂಘ ಬಿಟ್ಟರು. ಆಮೇಲೆ ಊರೂರಿಗೆ ಬಸ್ಸಿನಲ್ಲಿ ಹೋಗಿ, ಹಳೇ ಮರ ಕಡಿಯಬೇಡಿ, ನಾನು ಹೇಳಿದ್ದು ಹಾಗಲ್ಲ ಎಂದು ಬೇಡಿಕೊಳ್ಳುತ್ತಿದ್ದರು. ಕೆಲವರು ಕೇಳಿದರು, ಕೆಲವರು ಇದರಲ್ಲೂ ಏನೋ ವ್ಯಾಪಾರವಿದೆ ಎಂದರು. ನನ್ನೊಡನೆ ಜಗಳವಾಡುವುದನ್ನೂ ಬಿಟ್ಟರು... ಒಂದು ಬೇಸಿಗೆಯಲ್ಲಿ ಹೋಗಿಬಿಟ್ಟರು. ಅವರ ಮೇಲಿನ ನನ್ನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಅತ್ತದ್ದಂತೂ ಅವರ ಮನೆಯವರಿಗಿಂತ ಹೆಚ್ಚೇ.

ಕಳೆದ ವಾರ ಅದೇ ಸಂಘದಿಂದ ಹೊಸಬರೊಬ್ಬರು ಮನೆಗೆ ಬಂದಿದ್ದರು. ಈಗ ಸೆಟ್ಟೂರಿನ ಕಡೆ ಗಿಡ ನೆಡಿಸುತ್ತಾರಂತೆ, ಜನರಿಗೆ ಕನ್ನಡದಲ್ಲಿ ತಿಳಿಸಿ ಹೇಳಲು ನಾನು ಬರಬೇಕಂತೆ. ಹಳೇ ಮರ ಕಡಿಯಬೇಡಿ ಎಂದು ಮೊದಲು ಹೇಳುತ್ತೀರಾ ಎಂದು ಕೇಳಿದೆ. "ಅದು ನಮ್ಮ ಸ್ಕೀಮಿನಲ್ಲಿ ಬರಲ್ಲ ಮೇಡಂ" ಎಂದರು, ಬಹಳ ಮರ್ಯಾದೆಯಿಂದ. ಮೈ ಉರಿದುಹೋಯಿತು. ಆದರೂ ಬರುತ್ತೇನೆ ಎಂದೆ. ನಾನು ಹೋಗದಿದ್ದರೆ ಹಳೇ ಮರ ಕಡಿಯಬೇಡಿ ಎಂದು ಹೇಳುವವರೇ ಇಲ್ಲ. ಹೇಗೆ ಹೇಳಿದರೆ ಜನ ಕೊಡಲಿ ಎತ್ತುವುದಿಲ್ಲ ಎಂದು ಯಾರನ್ನಾದರೂ ಕೇಳಬೇಕು. ಅದು ಗೊತ್ತಿದ್ದವರು ಮಾವ ಒಬ್ಬರೇ.